ದತ್ತಾಂಶ ಕೇಂದ್ರದ ರಚನೆ ಮತ್ತು ನಿರ್ವಹಣೆ

ಮಾನವನು ತಾನು ಗಳಿಸಿದುದನ್ನು ಕಾಪಾಡಿಕೊಳ್ಳಲು ಕಾಲಕಾಲಕ್ಕೆ ಬೇರೆ ಬೇರೆ ನೆಲೆಗಳನ್ನು ಕಲ್ಪಿಸಿಕೊಂಡಿದ್ದಾನೆ. ಧಾನ್ಯಕ್ಕೆ ಹಗೇವು, ಒಡವೆಗೆ ಪೆಟ್ಟಿಗೆ, ಬರಹಕ್ಕೆ ಓಲೆಗರಿಯ ಕಟ್ಟು ಹಾಗೂ ಗ್ರಂಥಭಂಡಾರ, ಊರ ಲೆಕ್ಕಪತ್ರಕ್ಕೆ ಶಾನುಭೋಗರ ದಫ್ತರ ಇವೆಲ್ಲವೂ ಹಿಂದಿನ ಕಾಲದ ಭದ್ರವಾದ ನೆಲೆಗಳು. ಇಂದು ರೈತನ ಪಹಣಿ, ವಿದ್ಯಾರ್ಥಿಯ ಅಂಕಪಟ್ಟಿ, ರೋಗಿಯ ಚಿಕಿತ್ಸೆಯ ವಿವರ, ನಿವೃತ್ತ ನೌಕರನ ಪಿಂಚಣಿಯ ಲೆಕ್ಕ, ಬ್ಯಾಂಕಿನಲ್ಲಿಟ್ಟ ಠೇವಣಿ ಇವುಗಳಲ್ಲಿ ಬಹುಭಾಗವು ಕಾಗದವನ್ನು ಬಿಟ್ಟು ಗಣಕಯಂತ್ರಗಳ ಸ್ಮೃತಿಯನ್ನು ಸೇರಿದೆ. ೨೦೦೦ದ ಸುಮಾರಿಗೆ ಕರ್ನಾಟಕ ಸರ್ಕಾರವು ಕೈಗೊಂಡ 'ಭೂಮಿ' ಯೋಜನೆಯೊಂದರಿಂದಲೇ ಸುಮಾರು ೨ ಕೋಟಿ ಪಹಣಿಗಳು ಗಣಕದ ವಶವಾದುವು. ಇಂತಹ ದಾಖಲೆಗಳನ್ನು ಹೊತ್ತ ಗಣಕಯಂತ್ರಗಳನ್ನು ಒಂದೆಡೆ ಕೂಡಿಸಿ, ಅವು ಹಗಲಿರುಳೂ ನಿಲ್ಲದಂತೆ ನಡೆಯಲು ಬೇಕಾದ ವಿದ್ಯುತ್ತು, ತಂಪು, ಸಂಪರ್ಕ ಮತ್ತು ಕಾವಲುಗಳನ್ನು ಒದಗಿಸುವ ಕಟ್ಟಡಕ್ಕೆ ದತ್ತಾಂಶ ಕೇಂದ್ರವೆಂದು ಹೆಸರು.

೨೦೨೫ರ ಸೆಪ್ಟೆಂಬರ್ ೨೬ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿರುವ ಅಲ್ಲಿನ ಸರ್ಕಾರದ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಅದನ್ನು ಪೂರ್ತಿಯಾಗಿ ಆರಿಸಲು ಸುಮಾರು ೨೨ ಗಂಟೆಗಳು ಬೇಕಾದುವು. ಮೊದಲ ಎಣಿಕೆಯಲ್ಲಿ ೬೪೭, ಅನಂತರದ ಎಣಿಕೆಯಲ್ಲಿ ೭೦೯ ಸರ್ಕಾರಿ ಗಣಕ ವ್ಯವಸ್ಥೆಗಳು ಸ್ಥಗಿತಗೊಂಡುದು ತಿಳಿದುಬಂದಿತು. ಅವುಗಳನ್ನು ಮತ್ತೆ ನಡೆಸುವ ಕೆಲಸ ವಾರಗಟ್ಟಲೆ ಸಾಗಿತು. ಆದರೆ ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ 'ಜಿ-ಡ್ರೈವ್' ಎಂಬ ಭಂಡಾರದ ೮೫೮ ಟೆರಾಬೈಟುಗಳಷ್ಟು ದಾಖಲೆಗೆ ಬೇರೆಲ್ಲಿಯೂ ಪ್ರತಿ ಇರಲಿಲ್ಲ. ಸುಮಾರು ೧ ಲಕ್ಷ ೨೫ ಸಾವಿರ ನೌಕರರು ಅದನ್ನು ಬಳಸುತ್ತಿದ್ದರು. ಅವರ ವರ್ಷಗಳ ದುಡಿಮೆ ಒಂದು ರಾತ್ರಿಯಲ್ಲಿ ಬೂದಿಯಾಯಿತು.

ಕೊರಿಯಾ ಬಡ ರಾಷ್ಟ್ರವಲ್ಲ. ತಂತ್ರಜ್ಞಾನದಲ್ಲಿ ಹಿಂದುಳಿದ ರಾಷ್ಟ್ರವಂತೂ ಅಲ್ಲ. ಅಂತಹ ನಾಡಿನಲ್ಲಿ ಹೀಗಾದುದೇಕೆ ಎಂಬ ಪ್ರಶ್ನೆಗೆ ಉತ್ತರವು ದತ್ತಾಂಶ ಕೇಂದ್ರದ ಮೂಲತತ್ವದಲ್ಲಿಯೇ ಅಡಗಿದೆ. ಪ್ರತಿಯೊಂದಕ್ಕೂ ಎರಡನೆಯದೊಂದು ಇರಬೇಕು. ಆ ಎರಡನೆಯದು ಮೊದಲನೆಯದನ್ನು ಆಶ್ರಯಿಸದೆ ಸ್ವತಂತ್ರವಾಗಿ ನಿಲ್ಲುವಂತಿರಬೇಕು. ಸ್ಥಳದ ಆಯ್ಕೆಯಿಂದ ಹಿಡಿದು ನೌಕರನ ದಿನಚರಿಯವರೆಗೆ ಈ ವಿಷಯದಲ್ಲಿ ಕಲಿಯಬೇಕಾದುದೆಲ್ಲವೂ ಈ ಒಂದು ಸೂತ್ರದ ವಿಸ್ತಾರವೆಂದು ಹೇಳಬಹುದು.

ಹಿನ್ನೆಲೆ

೧೯೪೬ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಲೋಕಾರ್ಪಣೆಗೊಂಡ 'ಎನಿಯಾಕ್' ಗಣಕಯಂತ್ರವು ಒಂದು ವಿಶಾಲವಾದ ಕೊಠಡಿಯನ್ನೇ ತುಂಬಿಕೊಂಡಿತ್ತು. ಅದರಲ್ಲಿ ಸುಮಾರು ೧೮ ಸಾವಿರ ನಿರ್ವಾತ ನಳಿಕೆಗಳಿದ್ದುವು. ತೂಕ ಸುಮಾರು ೩೦ ಟನ್ನು. ಅದು ನುಂಗುತ್ತಿದ್ದ ವಿದ್ಯುತ್ತು ಸುಮಾರು ೧೫೦ ಕಿಲೋವ್ಯಾಟ್. ಇಷ್ಟು ಶಾಖವನ್ನು ಹೊರಹಾಕಲು ಅದಕ್ಕೆ ಪ್ರತ್ಯೇಕವಾದ ಗಾಳಿಯ ವ್ಯವಸ್ಥೆ ಬೇಕಾಯಿತು. ಹೀಗೆ ಗಣಕಯಂತ್ರದ ಹುಟ್ಟಿನೊಡನೆಯೇ ಅದರ ಮನೆಯ ಸಮಸ್ಯೆಯೂ ಹುಟ್ಟಿತೆನ್ನಬೇಕು.

ಮುಂದೆ ವಿಶ್ವವಿದ್ಯಾಲಯಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಗಣಕ ಕೊಠಡಿಗಳು ಏರ್ಪಟ್ಟುವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೦ರಲ್ಲಿ ಐಬಿಎಂ ೩೬೦/೪೪ ಯಂತ್ರದೊಡನೆ ಗಣಕ ಕೇಂದ್ರವು ಆರಂಭವಾಯಿತು. ಅದೇ ಸಂಸ್ಥೆಯಲ್ಲಿ ೨೦೨೨ರಲ್ಲಿ 'ಪರಮ್ ಪ್ರವೇಗ' ಎಂಬ ಮಹಾಗಣಕವು ಸ್ಥಾಪಿತವಾಯಿತು. ಅಂತರ್ಜಾಲವು ಹಬ್ಬಿದಂತೆಲ್ಲ ಒಂದು ಸಂಸ್ಥೆಯ ಒಳಕೋಣೆಯಾಗಿದ್ದುದು ಸಾವಿರಾರು ಗಣಕಗಳ ಪ್ರತ್ಯೇಕ ಕಟ್ಟಡವಾಗಿ ಬೆಳೆಯಿತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ೨೦೨೪ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು ೪೧೫ ಶತಕೋಟಿ ಯೂನಿಟ್. ಇದು ಜಗತ್ತಿನ ಒಟ್ಟು ಬಳಕೆಯ ಸುಮಾರು ಶೇಕಡ ಒಂದೂವರೆ ಭಾಗ.

ವಿಶ್ವಾಸಾರ್ಹತೆಯ ಗಣಿತ

ವರ್ಷವೊಂದಕ್ಕೆ ೮,೭೬೦ ಗಂಟೆಗಳು. ಒಂದು ಕೇಂದ್ರವು ಶೇಕಡ ೯೯.೯ರಷ್ಟು ಕಾಲ ನಡೆಯುತ್ತದೆಂದರೆ ವರ್ಷದಲ್ಲಿ ಅದು ೮ ಮುಕ್ಕಾಲು ಗಂಟೆಗಳಷ್ಟು ನಿಲ್ಲಬಹುದೆಂದು ಅರ್ಥ. ಶೇಕಡ ೯೯.೯೯ ಎಂದರೆ ಸುಮಾರು ೫೩ ನಿಮಿಷ, ಶೇಕಡ ೯೯.೯೯೯ ಎಂದರೆ ಐದು ನಿಮಿಷಗಳಿಗಿಂತ ತುಸು ಹೆಚ್ಚು. ಕಾಗದದ ಮೇಲೆ ಒಂದು ಒಂಬತ್ತನ್ನು ಹೆಚ್ಚಾಗಿ ಬರೆಯುವುದು ಸುಲಭ. ಅದನ್ನು ಸಾಧಿಸಲು ತಗಲುವ ವೆಚ್ಚ ಮಾತ್ರ ಬಹಳ ಹೆಚ್ಚು.

ಈ ಸಾಧನೆಗೆ ಇರುವ ದಾರಿ ಜೋಡಿಯ ವ್ಯವಸ್ಥೆ. ಒಂದು ಯಂತ್ರವು ನೂರು ದಿನಗಳಲ್ಲಿ ಒಂದು ದಿನ ಕೆಡುತ್ತದೆಂದು ಭಾವಿಸೋಣ. ಅಂತಹ ಎರಡು ಯಂತ್ರಗಳನ್ನಿಟ್ಟರೆ ಎರಡೂ ಒಂದೇ ದಿನ ಕೆಡುವ ಸಂಭವವು ಹತ್ತು ಸಾವಿರ ದಿನಗಳಿಗೊಮ್ಮೆ, ಎಂದರೆ ಸುಮಾರು ೨೭ ವರ್ಷಗಳಿಗೊಮ್ಮೆ. ಆದರೆ ಈ ಲೆಕ್ಕವು ನಿಜವಾಗುವುದು ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಸಂಬಂಧವಿಲ್ಲದಿದ್ದಾಗ ಮಾತ್ರ. ಎರಡೂ ಒಂದೇ ತಂತಿಗೆ ಜೋತುಬಿದ್ದಿದ್ದರೆ ಆ ತಂತಿ ಕಡಿದ ದಿನ ಎರಡೂ ನಿಲ್ಲುತ್ತವೆ. ಎರಡೂ ಒಂದೇ ಕೋಣೆಯಲ್ಲಿದ್ದರೆ ಆ ಕೋಣೆಗೆ ಬೆಂಕಿ ಬಿದ್ದ ದಿನ ಎರಡೂ ಉರಿಯುತ್ತವೆ. ಆಗ ಎರಡನೆಯ ಯಂತ್ರಕ್ಕೆ ಮಾಡಿದ ವೆಚ್ಚವು ಕಣ್ಣಿಗೆ ಕಂಡರೂ ಕೆಲಸಕ್ಕೆ ಬಾರದು. ಆದುದರಿಂದ ವಿನ್ಯಾಸಕಾರನು ಕೇಳಬೇಕಾದ ಪ್ರಶ್ನೆ 'ಎಷ್ಟು ಇವೆ?' ಎಂಬುದಷ್ಟೇ ಅಲ್ಲ. 'ಇವೆರಡನ್ನೂ ಒಟ್ಟಿಗೆ ಕೆಡಿಸಬಲ್ಲದು ಯಾವುದು?' ಎಂಬುದೇ ಮುಖ್ಯವಾದ ಪ್ರಶ್ನೆ.

ಎಂಜಿನಿಯರುಗಳು ಕೆಲಸಕ್ಕೆ ಅವಶ್ಯವಾದ ಯಂತ್ರಗಳ ಸಂಖ್ಯೆಯನ್ನು 'ಎನ್' ಎಂಬ ಅಕ್ಷರದಿಂದ ಸೂಚಿಸುತ್ತಾರೆ. ಒಂದನ್ನು ಹೆಚ್ಚಾಗಿ ಇಟ್ಟರೆ ಅದು 'ಎನ್ ಅಧಿಕ ಒಂದು'. ಇಡಿಯ ವ್ಯವಸ್ಥೆಯನ್ನೇ ಇಮ್ಮಡಿಯಾಗಿ ಕಟ್ಟಿದರೆ ಅದು 'ಎರಡು ಎನ್'. ಅಮೆರಿಕದ ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು ದತ್ತಾಂಶ ಕೇಂದ್ರಗಳನ್ನು ನಾಲ್ಕು ಶ್ರೇಣಿಗಳಾಗಿ ವಿಂಗಡಿಸಿದೆ. ಮೊದಲ ಶ್ರೇಣಿಯಲ್ಲಿ ಒಂದೇ ದಾರಿ. ಎರಡನೆಯದರಲ್ಲಿ ಕೆಲವು ಹೆಚ್ಚುವರಿ ಯಂತ್ರಗಳು. ಮೂರನೆಯದರಲ್ಲಿ ಯಾವ ಭಾಗವನ್ನಾದರೂ ಬಿಚ್ಚಿ ದುರಸ್ತಿಮಾಡುವಾಗ ಕೆಲಸ ನಿಲ್ಲಬಾರದು. ನಾಲ್ಕನೆಯದರಲ್ಲಿ ಅನಿರೀಕ್ಷಿತವಾಗಿ ಒಂದು ಭಾಗ ಕೆಟ್ಟರೂ ಕೆಲಸ ನಿಲ್ಲಬಾರದು.

ಸ್ಥಳ ಮತ್ತು ಕಟ್ಟಡ

ದತ್ತಾಂಶ ಕೇಂದ್ರವನ್ನು ಕಟ್ಟುವವರು ಮೊದಲು ನೋಡಬೇಕಾದುದು ಭೂಮಿಯ ಬೆಲೆಯನ್ನಲ್ಲ, ಭೂಮಿಯ ಚರಿತ್ರೆಯನ್ನು. ಹಿಂದಿನ ನೂರು ವರ್ಷಗಳಲ್ಲಿ ಆ ನೆಲದಲ್ಲಿ ನೆರೆ ಬಂದಿದೆಯೆ, ಅದು ಭೂಕಂಪದ ವಲಯವೆ, ಸಮೀಪದಲ್ಲಿ ರಾಸಾಯನಿಕ ಕಾರ್ಖಾನೆಯಾಗಲಿ ವಿಮಾನ ಇಳಿಯುವ ದಾರಿಯಾಗಲಿ ಇದೆಯೆ, ಎರಡು ಬೇರೆ ಬೇರೆ ಉಪಕೇಂದ್ರಗಳಿಂದ ವಿದ್ಯುತ್ತು ದೊರೆಯಬಲ್ಲುದೆ, ಬೇಸಗೆಯಲ್ಲಿ ನೀರು ಸಿಕ್ಕೀತೆ, ಅವಘಡವಾದಾಗ ಅಗ್ನಿಶಾಮಕ ವಾಹನವು ಸುಲಭವಾಗಿ ಬಂದು ಸೇರಲು ದಾರಿಯಿದೆಯೆ ಎಂಬುದೆಲ್ಲವನ್ನೂ ವಿಚಾರಿಸಬೇಕು.

ಗಣಕಗಳನ್ನು ರ‍್ಯಾಕ್ ಎಂಬ ಉಕ್ಕಿನ ಕಪಾಟುಗಳಲ್ಲಿ ಅಡ್ಡಲಾಗಿ ಜೋಡಿಸುತ್ತಾರೆ. ಇದರ ಅಗಲಕ್ಕೆ ೧೯ ಅಂಗುಲವೆಂಬುದು ಜಗತ್ತಿನಾದ್ಯಂತ ಒಪ್ಪಿತವಾದ ಅಳತೆ. ಎತ್ತರವನ್ನು ಒಂದು ಮುಕ್ಕಾಲು ಅಂಗುಲದ ಪಾಲುಗಳಲ್ಲಿ ಎಣಿಸುತ್ತಾರೆ. ಸಾಮಾನ್ಯವಾದ ಕಪಾಟಿನಲ್ಲಿ ಇಂತಹ ೪೨ ಪಾಲುಗಳಿರುತ್ತವೆ. ತುಂಬಿದ ಕಪಾಟು ಒಂದು ಟನ್ನನ್ನು ಮುಟ್ಟಬಹುದಾದುದರಿಂದ ವಾಸದ ಮನೆಯ ತಾರಸಿಗೆ ಹಾಕುವ ಲೆಕ್ಕವು ಇಲ್ಲಿ ಸಾಲದು.

ಯಾವ ಯಂತ್ರವನ್ನು ಯಾವ ಅಂತಸ್ತಿನಲ್ಲಿ ಇಡಬೇಕೆಂಬುದೂ ಅಷ್ಟೇ ಮುಖ್ಯ. ೨೦೧೨ರ ಅಕ್ಟೋಬರ್ ೨೯ರಂದು 'ಸ್ಯಾಂಡಿ' ಚಂಡಮಾರುತವು ನ್ಯೂಯಾರ್ಕಿಗೆ ಅಪ್ಪಳಿಸಿದಾಗ ಮ್ಯಾನ್‌ಹಟನ್ನಿನ ಬ್ರಾಡ್ ಸ್ಟ್ರೀಟಿನಲ್ಲಿದ್ದ ಕಟ್ಟಡವೊಂದರ ಜನರೇಟರ್ ೧೭ನೆಯ ಅಂತಸ್ತಿನ ಎತ್ತರದಲ್ಲಿ ಸುರಕ್ಷಿತವಾಗಿತ್ತು. ಆದರೆ ಅದಕ್ಕೆ ಡೀಸೆಲ್ಲನ್ನು ಏರಿಸುವ ಪಂಪು ನೆಲಮಾಳಿಗೆಯಲ್ಲಿತ್ತು. ನೆಲಮಾಳಿಗೆ ಸಮುದ್ರದ ನೀರಿನಲ್ಲಿ ಮುಳುಗಿತು. ಆಗ ಅಲ್ಲಿನ ಸಿಬ್ಬಂದಿಯೂ ಗ್ರಾಹಕ ಸಂಸ್ಥೆಗಳ ನೌಕರರೂ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು, ಬಕೆಟ್ಟುಗಳಲ್ಲಿ ಡೀಸೆಲ್ಲನ್ನು ಕೈಯಿಂದ ಕೈಗೆ ದಾಟಿಸುತ್ತ ೧೭ ಅಂತಸ್ತು ಏರಿಸಿ ದಿನಗಟ್ಟಲೆ ಯಂತ್ರವನ್ನು ನಡೆಸಿದರು. ಅವರ ಶ್ರಮವು ಶ್ಲಾಘ್ಯವಾದುದು. ಆ ಶ್ರಮವನ್ನು ಅನಿವಾರ್ಯಗೊಳಿಸಿದ ನಕ್ಷೆ ಮಾತ್ರ ಪಾಠವಾಗಬೇಕಾದುದು.

ವಿದ್ಯುಚ್ಛಕ್ತಿ

ವಿದ್ಯುತ್ತು ಕೇಂದ್ರವನ್ನು ಪ್ರವೇಶಿಸಿ ಗಣಕವನ್ನು ಮುಟ್ಟುವವರೆಗೆ ಹಲವು ಮೆಟ್ಟಿಲುಗಳನ್ನು ಇಳಿಯುತ್ತದೆ. ಪರಿವರ್ತಕವು ಅದರ ಒತ್ತಡವನ್ನು ತಗ್ಗಿಸುತ್ತದೆ; ಬದಲಿ ಸ್ವಿಚ್ಚು ಹೊರಗಿನ ವಿದ್ಯುತ್ತನ್ನಾಗಲಿ ಜನರೇಟರಿನ ವಿದ್ಯುತ್ತನ್ನಾಗಲಿ ಆರಿಸಿಕೊಳ್ಳುತ್ತದೆ; ಯು.ಪಿ.ಎಸ್. ಎಂಬ ಸಾಧನವು ಬ್ಯಾಟರಿಗಳ ನೆರವಿನಿಂದ ಕ್ಷಣಮಾತ್ರವೂ ಕಡಿಯದ ಪ್ರವಾಹವನ್ನು ಮುಂದಕ್ಕೆ ಕಳುಹಿಸುತ್ತದೆ. ವಿತರಣಾ ಫಲಕವು ಅದನ್ನು ಕಪಾಟುಗಳಿಗೆ ಹಂಚುತ್ತದೆ.

ಬ್ಯಾಟರಿಯ ಕೆಲಸವು ಇಡೀ ರಾತ್ರಿ ದೀಪ ಉರಿಸುವುದಲ್ಲ. ಹೊರಗಿನ ವಿದ್ಯುತ್ತು ಹೋದ ಕ್ಷಣದಿಂದ ಜನರೇಟರ್ ಚಾಲನೆಗೊಂಡು ಹೊರೆಯನ್ನು ಹೊರುವವರೆಗಿನ ಸೇತುವೆಯಾಗಿ ಅದು ನಿಂತರೆ ಸಾಕು. ಜನರೇಟರ್ ಅರ್ಧ ನಿಮಿಷದೊಳಗೆ ಸಿದ್ಧವಾಗಬಲ್ಲುದಾದರೂ ಮೊದಲ ಯತ್ನ ವಿಫಲವಾಗಬಹುದೆಂಬ ಎಚ್ಚರಿಕೆಯಿಂದ ಬ್ಯಾಟರಿಗೆ ಐದರಿಂದ ಹದಿನೈದು ನಿಮಿಷಗಳ ಶಕ್ತಿಯನ್ನು ಇಡುವುದು ವಾಡಿಕೆ.

ಸಣ್ಣದೊಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ೨೦ ಕಪಾಟುಗಳು, ಒಂದೊಂದಕ್ಕೆ ೫ ಕಿಲೋವ್ಯಾಟಿನಂತೆ ಗಣಕಗಳ ಹೊರೆ ೧೦೦ ಕಿಲೋವ್ಯಾಟ್. ತಂಪು, ದೀಪ ಮತ್ತು ಸೋರಿಕೆಗಳನ್ನು ಕೂಡಿಸಿ ಒಟ್ಟು ೧೬೦ ಕಿಲೋವ್ಯಾಟ್ ಎಂದಿಟ್ಟುಕೊಳ್ಳೋಣ. ಒಂದು ಲೀಟರ್ ಡೀಸೆಲ್ಲಿನಿಂದ ಸುಮಾರು ಮೂರೂವರೆ ಯೂನಿಟ್ ದೊರೆಯುವ ಲೆಕ್ಕದಲ್ಲಿ ಗಂಟೆಗೆ ಸುಮಾರು ೪೬ ಲೀಟರ್, ಎರಡು ದಿನಗಳಿಗೆ ಸುಮಾರು ೨,೨೦೦ ಲೀಟರ್ ಇಂಧನವನ್ನು ಸಂಗ್ರಹಿಸಿಡಬೇಕಾಗುತ್ತದೆ. ಗಣಕಗಳಲ್ಲಿ ವಿದ್ಯುತ್ತನ್ನು ಸ್ವೀಕರಿಸುವ ಸಾಧನಗಳು ಎರಡಿರುತ್ತವೆ. ಒಂದನ್ನು ಒಂದು ಯು.ಪಿ.ಎಸ್.ಗೂ ಇನ್ನೊಂದನ್ನು ಬೇರೆ ಯು.ಪಿ.ಎಸ್.ಗೂ ಕೂಡಿಸಬೇಕು. ತಂತಿ ಕೂಡಿಸುವವನು ಅವಸರದಲ್ಲಿ ಎರಡನ್ನೂ ಒಂದೇ ಫಲಕಕ್ಕೆ ಕೂಡಿಸಿದರೆ ಲಕ್ಷಾಂತರ ರೂಪಾಯಿಗಳ ಎರಡನೆಯ ದಾರಿಯು ಇದ್ದೂ ಇಲ್ಲದಂತಾಗುತ್ತದೆ.

ಶೀತಲೀಕರಣ

ಗಣಕವು ಸೇವಿಸಿದ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬೀಳುತ್ತದೆ. ೧೦ ಕಿಲೋವ್ಯಾಟ್ ಹೊರೆಯುಳ್ಳ ಒಂದು ಕಪಾಟೆಂದರೆ, ಹತ್ತು ವಿದ್ಯುತ್ ಇಸ್ತ್ರಿಪೆಟ್ಟಿಗೆಗಳನ್ನು ಒಂದು ಬೀರುವಿನೊಳಗೆ ಹಗಲಿರುಳು ಕಾಯಿಸಿದಂತೆ. ಕೃತಕ ಬುದ್ಧಿಮತ್ತೆಯ ಗಣನೆಗಾಗಿ ಇತ್ತೀಚೆಗೆ ತಯಾರಾಗುವ ಕೆಲವು ಕಪಾಟುಗಳ ಹೊರೆಯು ೧೦೦ ಕಿಲೋವ್ಯಾಟನ್ನೂ ಮೀರಿದೆ; ಇವಕ್ಕೆ ಗಾಳಿಯ ತಂಪು ಸಾಲದೆ ದ್ರವವನ್ನೇ ಕೊಳವೆಗಳ ಮೂಲಕ ಚಿಪ್ಪಿನ ಬಳಿಗೆ ಹರಿಸುತ್ತಾರೆ.

ಶೀತಲೀಕರಣದ ಒಂದು 'ಟನ್ನು' ಎಂದರೆ ಸುಮಾರು ೩.೫ ಕಿಲೋವ್ಯಾಟ್ ಶಾಖವನ್ನು ಹೊರಸಾಗಿಸುವ ಸಾಮರ್ಥ್ಯ. ಮೇಲಿನ ಉದಾಹರಣೆಯ ೧೦೦ ಕಿಲೋವ್ಯಾಟಿಗೆ ೨೯ ಟನ್ನುಗಳಷ್ಟು ಬೇಕು. ೧೫ ಟನ್ನಿನ ಎರಡು ಯಂತ್ರಗಳು ಇದಕ್ಕೆ ಸಾಕಾದರೂ ಮೂರನ್ನು ಇಡುವುದು 'ಎನ್ ಅಧಿಕ ಒಂದು' ಎಂಬ ನಿಯಮದ ಪಾಲನೆ.

ಕಪಾಟುಗಳನ್ನು ಜೋಡಿಸುವ ಕ್ರಮದಿಂದಲೇ ಬಹಳಷ್ಟು ವಿದ್ಯುತ್ತು ಉಳಿಯುತ್ತದೆ. ಗಣಕವು ಮುಂಭಾಗದಿಂದ ತಂಪುಗಾಳಿಯನ್ನೆಳೆದು ಹಿಂಭಾಗದಿಂದ ಬಿಸಿಗಾಳಿಯನ್ನು ಬಿಡುತ್ತದೆ. ಎಲ್ಲ ಸಾಲುಗಳೂ ಶಾಲೆಯ ತರಗತಿಯಂತೆ ಒಂದೇ ದಿಕ್ಕಿಗೆ ಮುಖಮಾಡಿದರೆ ಮುಂದಿನ ಸಾಲು ಬಿಟ್ಟ ಬಿಸಿಯನ್ನು ಹಿಂದಿನ ಸಾಲು ಸೇವಿಸಬೇಕಾಗುತ್ತದೆ. ಆದುದರಿಂದ ಸಾಲುಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ತಂಪಿನ ಓಣಿ ಮತ್ತು ಬಿಸಿಯ ಓಣಿಗಳನ್ನು ಬೇರ್ಪಡಿಸುವ ಪದ್ಧತಿಯು ೧೯೯೦ರ ದಶಕದಿಂದ ರೂಢಿಗೆ ಬಂದಿತು. ಖಾಲಿಯಿರುವ ಪಾಲುಗಳಿಗೆ ಮುಚ್ಚಳ ಹಾಕುವ ಅಗ್ಗದ ಕೆಲಸವೂ ಇದರ ಅಂಗವೇ.

ಕೋಣೆಯನ್ನು ಹಿಮದಂತೆ ಕೊರೆಯುವ ಹಾಗೆ ಇಡಬೇಕೆಂಬುದು ಹಳೆಯ ಭಾವನೆ. ಅಮೆರಿಕದ ಶೀತಲೀಕರಣ ಎಂಜಿನಿಯರುಗಳ ಸಂಘವಾದ 'ಆಶ್ರೇ' ೨೦೦೪ರಲ್ಲಿ ೨೦ರಿಂದ ೨೫ ಡಿಗ್ರಿ ಸೆಲ್ಸಿಯಸ್ ಎಂದು ಶಿಫಾರಸು ಮಾಡಿದ್ದು, ೨೦೦೮ರಲ್ಲಿ ಅದನ್ನು ೧೮ರಿಂದ ೨೭ ಡಿಗ್ರಿಗಳಿಗೆ ಹಿಗ್ಗಿಸಿತು. ಹೆಚ್ಚಿನ ತಂಪು ಹೆಚ್ಚಿನ ರಕ್ಷಣೆಯಲ್ಲ. ಅದು ಹಲವೊಮ್ಮೆ ಹಣದ ವ್ಯಯ ಮಾತ್ರ.

ಈ ವ್ಯಯವನ್ನು ಅಳೆಯಲು ಸರಳವಾದ ಸೂಚಿಯೊಂದಿದೆ. ಕೇಂದ್ರವು ಬಳಸುವ ಒಟ್ಟು ವಿದ್ಯುತ್ತನ್ನು ಗಣಕಗಳು ಮಾತ್ರ ಬಳಸುವ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆಯೇ 'ಪಿ.ಯು.ಇ.'. ೨೦೦೭ರಲ್ಲಿ 'ಗ್ರೀನ್ ಗ್ರಿಡ್' ಎಂಬ ಒಕ್ಕೂಟವು ಇದನ್ನು ಬಳಕೆಗೆ ತಂದಿತು. ಒಂದು ಎಂಬುದು ಆದರ್ಶ. ಅಪ್‌ಟೈಮ್ ಇನ್‌ಸ್ಟಿಟ್ಯೂಟಿನ ಸಮೀಕ್ಷೆಗಳಲ್ಲಿ ಇದರ ಸರಾಸರಿ ೨೦೦೭ರಲ್ಲಿ ೨.೫ ಇದ್ದುದು ೨೦೨೪ರಲ್ಲಿ ೧.೫೬ಕ್ಕೆ ಇಳಿದಿತ್ತು. ನಮ್ಮ ಉದಾಹರಣೆಯಲ್ಲಿ ಇದು ೧.೬. ವರ್ಷಕ್ಕೆ ಸುಮಾರು ೧೪ ಲಕ್ಷ ಯೂನಿಟ್. ಯೂನಿಟ್ಟಿಗೆ ೮ ರೂಪಾಯಿ ಹಿಡಿದರೆ ೧ ಕೋಟಿ ೧೨ ಲಕ್ಷ ರೂಪಾಯಿ. ಓಣಿಗಳನ್ನು ಸರಿಯಾಗಿ ಬೇರ್ಪಡಿಸಿ, ಉಷ್ಣತೆಯನ್ನು ಹಿತಮಿತವಾಗಿಟ್ಟು ೧.೩ಕ್ಕೆ ಇಳಿಸಿದರೆ ವರ್ಷಕ್ಕೆ ೨೧ ಲಕ್ಷ ರೂಪಾಯಿಗಳು ಉಳಿಯುತ್ತವೆ. ಆದರೆ ನೀರನ್ನು ಆವಿಯಾಗಿಸಿ ತಂಪು ಪಡೆಯುವ ಕೇಂದ್ರಗಳು ವಿದ್ಯುತ್ತನ್ನು ಉಳಿಸಿದರೂ ನೀರನ್ನು ಹೆಚ್ಚಾಗಿ ಕುಡಿಯುತ್ತವೆ. ನೀರಿನ ಕೊರತೆಯುಳ್ಳ ಬಯಲುಸೀಮೆಯಂತಹ ಪ್ರದೇಶಗಳಲ್ಲಿ ಈ ಎರಡನ್ನೂ ತೂಗಿ ನೋಡುವುದು ವಿವೇಕ.

ಸಂಪರ್ಕ ಮತ್ತು ಕಾವಲು

ಹೊರಜಗತ್ತಿನ ಸಂಪರ್ಕವಿಲ್ಲದ ದತ್ತಾಂಶ ಕೇಂದ್ರವು ಬಾಗಿಲಿಲ್ಲದ ಭಂಡಾರದಂತೆ. ಆದುದರಿಂದ ಎರಡು ಕಂಪನಿಗಳಿಂದ ಗಾಜಿನೆಳೆಯ ಸಂಪರ್ಕವನ್ನು ಪಡೆಯುತ್ತಾರೆ. ಆದರೆ ಎರಡು ಕಂಪನಿಗಳ ಎಳೆಗಳೂ ರಸ್ತೆಬದಿಯ ಒಂದೇ ಕಾಲುವೆಯಲ್ಲಿ ಸಾಗಿಬಂದಿದ್ದರೆ ನೀರಿನ ಕೊಳವೆಗಾಗಿ ನೆಲ ಅಗೆಯುವ ಒಂದು ಯಂತ್ರವು ಎರಡನ್ನೂ ಒಮ್ಮೆಗೇ ಕಡಿದುಹಾಕಬಲ್ಲುದು. ಬಿಲ್ಲುಗಳು ಎರಡಾದರೆ ಸಾಲದು. ದಾರಿಗಳೂ ಎರಡಾಗಿ, ಕಟ್ಟಡದ ಎರಡು ಬೇರೆ ದಿಕ್ಕುಗಳಿಂದ ಒಳಬರಬೇಕು.

ಕಾವಲು ಹಲವು ಸುತ್ತುಗಳದು. ಪ್ರಾಕಾರ, ದ್ವಾರ, ಕೋಣೆ, ಕಪಾಟು ಇವುಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಅನುಮತಿ ಬೇಕು. ಯಾರು, ಎಂದು, ಯಾವ ಕೆಲಸಕ್ಕೆ ಒಳಹೊಕ್ಕರೆಂಬ ದಾಖಲೆ ಇರಬೇಕು. ಕಣ್ಣಿಗೆ ಕಾಣದೆ ಜಾಲದ ಮೂಲಕ ಬರುವ ಕಳ್ಳನಿಗೂ ಇದೇ ನಿಯಮ ಅನ್ವಯಿಸುತ್ತದೆ: ಅವಶ್ಯವಿದ್ದವರಿಗೆ, ಅವಶ್ಯವಿದ್ದಷ್ಟು, ಅವಶ್ಯವಿರುವ ಕಾಲದವರೆಗೆ ಮಾತ್ರ ಪ್ರವೇಶ.

ಅಗ್ನಿಭಯ

ಒಂದು ಕಾಲಕ್ಕೆ ಗಣಕ ಕೊಠಡಿಗಳಲ್ಲಿ ಬೆಂಕಿ ಆರಿಸಲು ಹ್ಯಾಲಾನ್ ಅನಿಲವನ್ನು ಬಳಸುತ್ತಿದ್ದರು. ಅದು ಓಝೋನ್ ಪದರಕ್ಕೆ ಹಾನಿಕರವೆಂದು ಕಂಡುಬಂದುದರಿಂದ ಮುಂದುವರಿದ ರಾಷ್ಟ್ರಗಳಲ್ಲಿ ೧೯೯೪ರಿಂದ ಅದರ ಉತ್ಪಾದನೆ ನಿಂತು, ಬೇರೆ ಅನಿಲಗಳೂ ನೀರಿನ ಸಿಂಪರಣೆಯೂ ಅದರ ಸ್ಥಾನಕ್ಕೆ ಬಂದುವು. ಆದರೆ ಲೀಥಿಯಂ ಬ್ಯಾಟರಿಗೆ ಬೆಂಕಿ ಬಿದ್ದಾಗ ಅನಿಲ ಮಾತ್ರದಿಂದ ಪ್ರಯೋಜನ ಕಡಮೆ. ಒಂದು ಕೋಶದ ಶಾಖವು ಪಕ್ಕದ ಕೋಶವನ್ನು ಕೆರಳಿಸುತ್ತ ಹೋಗುವುದರಿಂದ ಆರಿದ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ಹೇರಳವಾದ ನೀರಿನಿಂದ ತಣಿಸುವುದೇ ಉಪಾಯ. ಆ ನೀರು ಪಕ್ಕದ ಗಣಕಗಳಿಗೆ ಮೃತ್ಯು. ಆದುದರಿಂದ ಬ್ಯಾಟರಿಗೂ ಗಣಕಕ್ಕೂ ನಡುವೆ ಬೆಂಕಿಯನ್ನು ತಡೆಯಬಲ್ಲ ಗೋಡೆ ಇರಲೇಬೇಕು.

ಈ ಪಾಠವನ್ನು ಕೊರಿಯಾ ಮೊದಲೇ ಕಲಿತಿತ್ತು. ೨೦೨೨ರ ಅಕ್ಟೋಬರ್ ೧೫ರಂದು ಸೋಲ್ ನಗರದ ಸಮೀಪದ ಪಾನ್‌ಗ್ಯೋದಲ್ಲಿ ದತ್ತಾಂಶ ಕೇಂದ್ರವೊಂದರ ಬ್ಯಾಟರಿಗಳಿಗೆ ಬೆಂಕಿ ಬಿದ್ದು, ಆ ದೇಶದ ಬಹುಪಾಲು ಜನರು ಬಳಸುವ 'ಕಾಕಾವ್‌ಟಾಕ್' ಸಂದೇಶ ಸೇವೆಯು ಸ್ಥಗಿತಗೊಂಡಿತ್ತು. ಆ ಸಂಸ್ಥೆಯ ಸೇವೆಗಳೆಲ್ಲವೂ ಸರಿಹೋಗಲು ಐದು ದಿನಗಳಿಗೂ ಹೆಚ್ಚು ಕಾಲ ಹಿಡಿಯಿತು. ಡೇಜಾನಿನ ಕೇಂದ್ರದಲ್ಲಿ ಬ್ಯಾಟರಿಗಳನ್ನು ಗಣಕಗಳಿಂದ ದೂರಮಾಡಿ ನೆಲಮಾಳಿಗೆಗೆ ಸಾಗಿಸುವ ಕೆಲಸವು ನಡೆಯುತ್ತಿದ್ದಾಗಲೇ ಬೆಂಕಿ ಕಾಣಿಸಿಕೊಂಡಿತು. ಅಪಾಯವನ್ನು ಅರಿತಿದ್ದರು, ಅದನ್ನು ನಿವಾರಿಸುವ ಕೆಲಸ ಮುಗಿದಿರಲಿಲ್ಲ.

೨೦೨೧ರ ಮಾರ್ಚ್ ೧೦ರ ರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ 'ಓವಿಎಚ್' ಸಂಸ್ಥೆಯ ಐದು ಅಂತಸ್ತಿನ ಕೇಂದ್ರವೊಂದು ಸುಟ್ಟುಹೋಯಿತು; ಪಕ್ಕದ ಕಟ್ಟಡದ ಒಂದು ಭಾಗವೂ ನಾಶವಾಯಿತು. ಜೀವಹಾನಿಯಾಗಲಿಲ್ಲ. ಆ ಕಟ್ಟಡದ ಅಂತಸ್ತುಗಳ ನೆಲದಲ್ಲಿ ಮರವನ್ನು ಬಳಸಲಾಗಿತ್ತು. ತಾನಾಗಿಯೇ ಬೆಂಕಿಯಾರಿಸುವ ವ್ಯವಸ್ಥೆ ಇರಲಿಲ್ಲ. ಇಡಿಯ ಕಟ್ಟಡದ ವಿದ್ಯುತ್ತನ್ನು ಒಮ್ಮೆಗೇ ಕಡಿಯುವ ಸ್ವಿಚ್ಚು ಇಲ್ಲದುದರಿಂದ ಅಗ್ನಿಶಾಮಕ ದಳದವರ ಕೆಲಸ ಬಹಳ ಕಠಿಣವಾಯಿತು. ವಿದ್ಯುತ್ತು ನಿಲ್ಲದಂತೆ ಮಾಡುವುದು ಒಂದು ವಿದ್ಯೆ. ಬೇಕಾದಾಗ ಅದನ್ನು ನಿಲ್ಲಿಸಬಲ್ಲ ಏರ್ಪಾಡೂ ಅದೇ ವಿದ್ಯೆಯ ಇನ್ನೊಂದು ಮುಖ.

ಮೀಸಲು ಪ್ರತಿ

ಸ್ಟ್ರಾಸ್‌ಬೂರ್ಗಿನ ಅಗ್ನಿಯಿಂದಾಗಿ ಸುಮಾರು ೩೬ ಲಕ್ಷ ಜಾಲತಾಣಗಳು ಮರೆಯಾದುವು. ಅವುಗಳಲ್ಲಿ ಅನೇಕವು ಬೇಗನೆ ಮರಳಿದುವು. ಕೆಲವು ಎಂದಿಗೂ ಮರಳಲಿಲ್ಲ. ಹಣ ತೆತ್ತು ಬ್ಯಾಕಪ್ ಸೇವೆಯನ್ನು ಪಡೆದಿದ್ದ ಕೆಲವು ಗ್ರಾಹಕರ ಮೀಸಲು ಪ್ರತಿಗಳು ಅದೇ ಆವರಣದಲ್ಲಿಯೇ ಇದ್ದು ಮೂಲದೊಡನೆ ಸುಟ್ಟುಹೋಗಿದ್ದುವು. ಪ್ರತಿ ಇತ್ತು, ಅದು ಸ್ವತಂತ್ರವಾಗಿರಲಿಲ್ಲ. ಡೇಜಾನಿನ ಜಿ-ಡ್ರೈವಿಗಾದರೋ ಹೊರಗೆ ಪ್ರತಿಯೇ ಇರಲಿಲ್ಲ. ಭಂಡಾರವು ಬಹಳ ದೊಡ್ಡದೆಂಬುದೇ ಅದಕ್ಕೆ ಕೊಟ್ಟ ಕಾರಣ.

ನಮ್ಮ ಹಿರಿಯರು ಓಲೆಗರಿಯ ಗ್ರಂಥಗಳನ್ನು ಪ್ರತಿಮಾಡಿಸಿ ಬೇರೆ ಬೇರೆ ಊರುಗಳಲ್ಲಿ ಇರಿಸುತ್ತಿದ್ದುದರಿಂದಲೇ ಗೆದ್ದಲು, ಬೆಂಕಿ, ನೆರೆಗಳನ್ನು ದಾಟಿ ಎಷ್ಟೋ ಕೃತಿಗಳು ಉಳಿದುಬಂದಿವೆ. ಒಕ್ಕಲಿಗನು ಬಿತ್ತನೆಯ ಬೀಜವನ್ನು ಊಟದ ಕಾಳಿನೊಡನೆ ಬೆರಸುವುದಿಲ್ಲ. ಇದೇ ವಿವೇಕವನ್ನು ಇಂದಿನ ತಂತ್ರಜ್ಞರು 'ಮೂರು, ಎರಡು, ಒಂದು' ಎಂಬ ಸೂತ್ರದಲ್ಲಿ ಹೇಳುತ್ತಾರೆ: ದಾಖಲೆಯ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು.

ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ಒಂದೆಡೆ ಬರೆದುದು ಅದೇ ಕ್ಷಣ ಇನ್ನೊಂದೆಡೆಯೂ ಬರೆಯಲ್ಪಡುವ ಏರ್ಪಾಡಿಗೆ ಪ್ರತಿಬಿಂಬವೆನ್ನಬಹುದು. ಯಂತ್ರ ಕೆಟ್ಟಾಗ ಅದು ಕಾಪಾಡುತ್ತದೆ. ಆದರೆ ಯಾರಾದರೂ ತಪ್ಪಾಗಿ ಅಳಿಸಿದರೆ ಪ್ರತಿಬಿಂಬದಲ್ಲಿಯೂ ಅದೇ ಕ್ಷಣ ಅಳಿಸಿಹೋಗುತ್ತದೆ. ಮೀಸಲು ಪ್ರತಿಯೆಂಬುದು ನಿನ್ನೆಯ ಸ್ಥಿತಿಯನ್ನು ನಿನ್ನೆಯಂತೆಯೇ ಹಿಡಿದಿಡುವುದು. ಎರಡೂ ಬೇಕು, ಒಂದು ಇನ್ನೊಂದರ ಬದಲಿಯಲ್ಲ. ದೂರದ ಪ್ರಶ್ನೆಯೂ ಇಲ್ಲಿ ಬರುತ್ತದೆ. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್ ಸಾಗುತ್ತದೆ. ೧,೦೦೦ ಕಿಲೋಮೀಟರ್ ಹೋಗಿಬರಲು ಸೆಕೆಂಡಿನ ನೂರನೆಯ ಒಂದು ಪಾಲು ಬೇಕು. ಇದು ಅಲ್ಪವೆಂದು ತೋರಿದರೂ ಕ್ಷಣಕ್ಕೆ ಸಾವಿರಾರು ವ್ಯವಹಾರಗಳನ್ನು ನಡೆಸುವ ಬ್ಯಾಂಕಿಗೆ ಹೆಚ್ಚೇ. ಆದುದರಿಂದ ಪ್ರತಿಬಿಂಬವನ್ನು ಸಮೀಪದ ಕೇಂದ್ರದಲ್ಲಿಯೂ ಮೀಸಲು ಪ್ರತಿಯನ್ನು ದೂರದ ಕೇಂದ್ರದಲ್ಲಿಯೂ ಇಡುವ ಪದ್ಧತಿಯಿದೆ. ಭಾರತದಲ್ಲಿ ಆಧಾರ್ ದಾಖಲೆಗಳ ಕೇಂದ್ರಗಳು ಬೆಂಗಳೂರು ಮತ್ತು ಹರಿಯಾಣದ ಮಾನೇಸರಗಳಲ್ಲಿವೆ. ಇವೆರಡರ ನಡುವೆ ಒಂದೂವರೆ ಸಾವಿರ ಕಿಲೋಮೀಟರುಗಳಿಗೂ ಹೆಚ್ಚಿನ ಅಂತರವಿದೆ.

ನಿರ್ವಹಣೆ

'ಮನೆ ಕಟ್ಟಿ ನೋಡು' ಎಂಬ ಗಾದೆಯು ಕಟ್ಟುವ ಕಷ್ಟವನ್ನು ಹೇಳುತ್ತದೆ. ದತ್ತಾಂಶ ಕೇಂದ್ರದ ಮಟ್ಟಿಗೆ ಕಟ್ಟಿದ ಮೇಲಿನ ಕಷ್ಟವೇ ದೊಡ್ಡದು. ೨೦೧೭ರ ಜನವರಿ ೩೧ರಂದು 'ಗಿಟ್‌ಲ್ಯಾಬ್' ಸಂಸ್ಥೆಯ ಎಂಜಿನಿಯರೊಬ್ಬರು ಬಹಳ ಹೊತ್ತು ದುಡಿದು ದಣಿದಿದ್ದ ವೇಳೆಯಲ್ಲಿ, ಒಂದು ಯಂತ್ರವೆಂದು ಭಾವಿಸಿ ಇನ್ನೊಂದು ಯಂತ್ರದ ದಾಖಲೆಗಳನ್ನು ಅಳಿಸಿದರು. ಆ ಸಂಸ್ಥೆಯಲ್ಲಿ ಮೀಸಲು ಪ್ರತಿಯ ಐದು ವಿಧಾನಗಳಿದ್ದುವು. ಪರೀಕ್ಷಿಸಿ ನೋಡಿದಾಗ ಅವುಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲ. ಬೇರೊಂದು ಕೆಲಸಕ್ಕಾಗ��� ಆರು ಗಂಟೆಗಳ ಹಿಂದೆ ತೆಗೆದಿದ್ದ ಪ್ರತಿಯೊಂದು ಅದೃಷ್ಟವಶಾತ್ ಉಳಿದಿದ್ದು ಸಂಸ್ಥೆಯನ್ನು ಕಾಪಾಡಿತು. ಆ ಸಂಸ್ಥೆಯು ನಡೆದುದೆಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದುದು ಅದರ ದೊಡ್ಡತನ.

ಅದೇ ವರ್ಷದ ಮೇ ೨೭ರಂದು ಬ್ರಿಟಿಷ್ ಏರ್‌ವೇಸ್ ಸಂಸ್ಥೆಯ ದತ್ತಾಂಶ ಕೇಂದ್ರದಲ್ಲಿ ವಿದ್ಯುತ್ತು ಕಡಿದುಹೋಗಿ, ಮತ್ತೆ ಅದನ್ನು ಕ್ರಮವಿಲ್ಲದೆ ಒಮ್ಮೆಗೇ ಕೂಡಿಸಿದುದರಿಂದ ಯಂತ್ರಗಳು ಕೆಟ್ಟುವು. ಸುಮಾರು ೭೫ ಸಾವಿರ ಪ್ರಯಾಣಿಕರು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು.

ಇಂತಹ ಘಟನೆಗಳಿಂದ ನಿರ್ವಹಣೆಯ ಕೆಲವು ನಿಯಮಗಳು ರೂಪುಗೊಂಡಿವೆ. ಮಹತ್ವದ ಕೆಲಸವನ್ನು ಬರೆದಿಟ್ಟ ಕ್ರಮದಂತೆಯೇ ಮಾಡಬೇಕು. ಒಬ್ಬನು ಮಾಡುವಾಗ ಇನ್ನೊಬ್ಬನು ಓದಿಹೇಳಬೇಕು. ಬದಲಾವಣೆ ಮಾಡುವ ಮೊದಲು ಹಿಂದಿನ ಸ್ಥಿತಿಗೆ ಮರಳುವ ದಾರಿಯನ್ನು ನಿಶ್ಚಯಿಸಿರಬೇಕು. ತಿಂಗಳಿಗೊಮ್ಮೆ ಜನರೇಟರನ್ನು ಬರಿದೆ ಗುಡುಗಿಸದೆ ನಿಜವಾದ ಹೊರೆಯನ್ನು ಹೊರಿಸಿ ನಡೆಸಬೇಕು. ಅವಧಿ ಮೀರಿದ ಬ್ಯಾಟರಿಯನ್ನು 'ಇನ್ನೂ ನಡೆಯುತ್ತಿದೆ' ಎಂಬ ಕಾರಣಕ್ಕೆ ಉಳಿಸಿಕೊಳ್ಳಬಾರದು. ಮೀಸಲು ಪ್ರತಿಯಿಂದ ದಾಖಲೆಯನ್ನು ಮರಳಿ ಪಡೆದು ನೋಡಬೇಕು. ಹಾಗೆ ನೋಡದ ಪ್ರತಿಯನ್ನು ಪ್ರತಿಯೆಂದು ಎಣಿಸಲಾಗದು. ತಪ್ಪು ನಡೆದಾಗ ತಪ್ಪಿತಸ್ಥನನ್ನು ಹುಡುಕುವುದಕ್ಕಿಂತ ತಪ್ಪಿಗೆ ಎಡೆಗೊಟ್ಟ ಏರ್ಪಾಡನ್ನು ಹುಡುಕಬೇಕು. ಇಲ್ಲದಿದ್ದರೆ ಮುಂದಿನ ಸಾರಿ ತಪ್ಪು ನಡೆದುದೇ ತಿಳಿಯದೆ ಹೋಗುತ್ತದೆ. ಈ ಅಭ್ಯಾಸಗಳಿಲ್ಲದ ಕೇಂದ್ರವು ಅವಘಡದ ದಿನ ಕೈಗೊಳ್ಳುವ ಕ್ರಮಗಳೆಲ್ಲವೂ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆಯೇ ಸರಿ.

ಉಪಸಂಹಾರ

ಕೋಟ್ಯಂತರ ರೂಪಾಯಿಗಳ ಕೇಂದ್ರಗಳ ಈ ವಿಚಾರವು ಸಾಮಾನ್ಯ ವಿದ್ಯಾಸಂಸ್ಥೆಗಳಿಗೆ ದೂರದ ಮಾತೆಂದು ತೋರಬಹುದು. ಆದರೆ ಪ್ರವೇಶದ ದಾಖಲೆ, ಅಂಕಪಟ್ಟಿ, ವರ್ಗಾವಣೆ ಪತ್ರ, ಲೆಕ್ಕಪತ್ರಗಳನ್ನು ಗಣಕಕ್ಕೆ ಸೇರಿಸಿದ ಪ್ರತಿಯೊಂದು ಶಾಲೆಯೂ ತನ್ನ ಅಳತೆಯಲ್ಲಿ ಒಂದು ಸಣ್ಣ ದತ್ತಾಂಶ ಕೇಂದ್ರವನ್ನು ನಡೆಸುತ್ತಲೇ ಇದೆ. ಮೂವತ್ತು ವರ್ಷಗಳ ಹಿಂದೆ ಓದಿದವನೊಬ್ಬನು ತನ್ನ ಜನ್ಮದಿನಾಂಕದ ದೃಢೀಕರಣಕ್ಕಾಗಿ ಶಾಲೆಯ ಬಾಗಿಲಿಗೆ ಬಂದಾಗ 'ಗಣಕ ಕೆಟ್ಟಿತು, ದಾಖಲೆ ಹೋಯಿತು' ಎಂಬ ಉತ್ತರವು ಅವನ ಕಷ್ಟವನ್ನು ನೀಗಿಸದು. ದಾಖಲೆಗಳ ಒಂದು ಪ್ರತಿಯನ್ನು ಬೇರೆ ಊರಿನಲ್ಲಿಡುವುದು, ವರ್ಷದ ಪ್ರತಿಯೊಂದು ಅವಧಿಯಲ್ಲಿ ಒಮ್ಮೆ ಅದರಿಂದ ಒಂದು ಕಡತವನ್ನು ತೆರೆದು ನೋಡುವುದು, ಹಳೆಯ ಕಾಗದದ ದಫ್ತರಗಳನ್ನು ಗಣಕ ಬಂದಿತೆಂದು ಅವಸರದಲ್ಲಿ ಹೊರಹಾಕದಿರುವುದು ಇವಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಹೊಣೆಯನ್ನು ಹೊತ್ತ ಒಬ್ಬ ವ್ಯಕ್ತಿ ಬೇಕು.

ದಾನಶೀಲರೂ ಇಲ್ಲಿ ಒಂದು ಮಾತನ್ನು ಯೋಚಿಸಬಹುದು. ಹೊಸ ಯಂತ್ರವನ್ನು ಕೊಡಿಸಿದರೆ ಅದರ ಮೇಲೆ ಹೆಸರು ಬರೆಯಿಸಬಹುದು. ಹಳೆಯ ಬ್ಯಾಟರಿಯನ್ನು ಬದಲಿಸಲು ಕೊಟ್ಟ ಹಣಕ್ಕೆ ಫಲಕ ಹಾಕುವವರಿಲ್ಲ. ಆದರೂ ಡೇಜಾನಿನ ಭಂಡಾರಕ್ಕೆ ಹೊಸ ಯಂತ್ರಗಳ ಕೊರತೆಯಿರಲಿಲ್ಲ. ಅದಕ್ಕೆ ಕೊರತೆಯಾಗಿದ್ದುದು ಬೇರೊಂದು ಊರಿನಲ್ಲಿ ಇರಬೇಕಾಗಿದ್ದ ಎರಡನೆಯ ಪ್ರತಿ. ಕಣ್ಣಿಗೆ ಕಾಣದ ಆ ಎರಡನೆಯದನ್ನು ಪೋಷಿಸುವವರೇ ಮುಂದಿನ ತಲೆಮಾರಿಗೆ ಮೊದಲನೆಯದನ್ನು ಉಳಿಸಿಕೊಡುವವರು.